ಹೊಲಿಗೆ ಹಾಕಿದ ದನಿ

ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಹೆಂಗಸಿನ ದನಿಯನ್ನು ತುಂಡು ತುಂಡಾಗಿ ಕತ್ತರಿಸಿ, ಬೇರೆ ಸಾಲಿನಲ್ಲಿ ಜೋಡಿಸಿ, ಆಕೆಯೇ ಗಂಡಸರನ್ನು ಕೂಗಿ ಕರೆಯುತ್ತಿರುವಂತೆ ಒಂದು ವಿಡಿಯೋ ಮಾಡಿದರು. ಗಾಜಿನ ಕೌಂಟರಿನ ಹಿಂದೆ ಆಕೆ ಆಕಳಿಸುತ್ತಿದ್ದಾಗ ಕದ್ದು ತೆಗೆದ ಫೋಟೋವನ್ನು ಅದಕ್ಕೆ ಅಂಟಿಸಿದರು. ಕೊನೆಯಲ್ಲಿ ಆಕೆಯ ಫೋನ್ ನಂಬರನ್ನು ಆಕೆಯ ದನಿಯಲ್ಲೇ ಓದಿಸಿದರು. ಆಮೇಲೆ ಅದನ್ನು ಊರಿಗೆಲ್ಲ ಹಂಚಿದರು.

"ಗಂಡಸರ ಗಮನಕ್ಕೆ. ಮೂರನೇ ಅಂಕಣದಲ್ಲಿ ನಿಮಗಾಗಿ ಕಾಯಲಾಗುತ್ತಿದೆ. ಎಲ್ಲಾ ಆಸನಗಳೂ ಖಾಲಿ ಇವೆ. ದಯವಿಟ್ಟು ನೂಕುನುಗ್ಗಲು ಬೇಡ, ಒಬ್ಬರಾದ ಮೇಲೆ ಒಬ್ಬರು ಹತ್ತಿಕೊಳ್ಳಿ." ಅದಾದ ಮೇಲೆ ಹತ್ತು ಅಂಕಿ. ಕೊನೆಗೆ, "ನಿಮ್ಮ ಪ್ರಯಾಣ ಸುಖಕರವಾಗಿರಲಿ."

ಇದರಲ್ಲಿ ಕೆಟ್ಟ ಪದವೊಂದೂ ಇರಲಿಲ್ಲ. 'ಗಂಡಸರ' ಎನ್ನುವುದನ್ನು ಗಂಡಸರ ಶೌಚಾಲಯ ಕ್ಯಾಂಟೀನಿನ ಪಕ್ಕದಲ್ಲಿದೆ ಎನ್ನುವ ಪ್ರಕಟಣೆಯಿಂದ ಕಿತ್ತಿದ್ದರು. 'ನೂಕುನುಗ್ಗಲು' ರಜೆಯ ದಿನಗಳ ಎಚ್ಚರಿಕೆಯಿಂದ ಬಂದಿತ್ತು. ಉಳಿದದ್ದೆಲ್ಲ ದಿನಬಳಕೆಯ ಮಾತು. ಆಕೆ ಆ್ಯಪಿನವರಿಗೆ ದೂರು ಕೊಟ್ಟಳು. ಪರಿಶೀಲಿಸಿದ್ದೇವೆ, ನಮ್ಮ ನಿಯಮಗಳಿಗೆ ವಿರುದ್ಧವಾದದ್ದೇನೂ ಕಂಡುಬಂದಿಲ್ಲ ಎಂದು ಉತ್ತರ ಬಂತು. ಉತ್ತರದ ಕೆಳಗೆ, ನಮ್ಮ ಸೇವೆ ಹೇಗಿತ್ತು ಎಂದು ಕೇಳಿ ಐದು ನಕ್ಷತ್ರ ಇಟ್ಟಿದ್ದರು.

ನಿಲ್ದಾಣದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗಮನಕ್ಕ ಎಂದು. ದಿನವಿಡೀ 'ಪ್ರಯಾಣಿಕರ ಗಮನಕ್ಕೆ' ಎನ್ನುವ ಅಕ್ಕ ಗಮನಕ್ಕ. ಯಾವನೋ ಡ್ರೈವರ್ ಇಟ್ಟ ಹೆಸರು, ಅಂಟಿಕೊಂಡಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಕಿನ ಮುಂದೆ ಕೂತು ಒಂದೊಂದು ಬಸ್ಸನ್ನೂ ಬಾಯಿಂದಲೇ ಹೇಳುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು. ಮೇಲಿನ ಮಹಡಿಯ ಕೋಣೆಯೊಂದಕ್ಕೆ ಗೋಡೆ ತುಂಬ ಹಳೆಯ ಕಂಬಳಿ ಹೊಡೆದು, ಕಿಟಕಿಗೆ ಹಾಸಿಗೆ ಒರಗಿಸಿ, ಆಕೆಯನ್ನು ಒಳಗೆ ಕೂರಿಸಿದರು. ಅಂಕಿಗಳನ್ನೆಲ್ಲ ಎರಡೆರಡು ಸಲ ಹೇಳಿಸಿದರು. ಸಾಲಿನ ನಡುವೆ ಬಂದರೆ ದನಿ ಸ್ವಲ್ಪ ಏರಬೇಕು, ಕೊನೆಯಲ್ಲಿ ಬಂದರೆ ಇಳಿಯಬೇಕು. ಬರಲಿದೆ, ಹೊರಡಲಿದೆ, ತಡವಾಗಿದೆ, ರದ್ದಾಗಿದೆ. ಪದಪದವೂ ಬೇರೆ ಬೇರೆ. ಒಂದು ವಾರ ಅದೇ ಕೆಲಸ. ಬೇಕಾದದ್ದನ್ನು ಜೋಡಿಸಿಕೊಂಡು ಹೇಳುವುದು ಅಲ್ಲಿಂದಾಚೆಗೆ ಯಂತ್ರದ ಪಾಲು.

ಅಂದಿನಿಂದ ಆಕೆ ರಜೆ ಹಾಕಿದರೂ ದನಿ ಡ್ಯೂಟಿಗೆ ಹಾಜರಾಗುತ್ತಿತ್ತು. ಆಕೆಗೆ ಮೈ ಸುಡುವ ಜ್ವರವಿದ್ದ ದಿನವೂ ಅದು ಲವಲವಿಕೆಯಿಂದ ಬಸ್ಸುಗಳನ್ನು ಕಳಿಸಿಕೊಟ್ಟಿತು. ಆಕೆಯನ್ನು ಕೆಳಗಿನ ವಿಚಾರಣೆ ಕೌಂಟರಿಗೆ ಹಾಕಿದರು. ತಲೆಯ ಮೇಲೆ ಸ್ಪೀಕರ್, ಕೆಳಗೆ ಆಕೆ. "ನೀವು ಕೇಳೋದಕ್ಕೆ ಮುಂಚೆ ನಮ್ಮ ಅವಳಿ ಮೇಲಿಂದ ಉತ್ತರ ಹೇಳಿಬಿಡ್ತಾಳೆ ನೋಡಿ" ಎಂದು ಕಂಡಕ್ಟರುಗಳೊಂದಿಗೆ ತಾನೇ ನಗೆಯಾಡುತ್ತಿದ್ದಳು. ತನಗೊಬ್ಬಳು ಅವಳಿ ಇದ್ದಾಳೆ, ಅವಳಿಗೆ ಸಂಬಳವಿಲ್ಲ ಅಷ್ಟೇ.

ವಿಡಿಯೋ ಬಂದ ಮೇಲೆ ಆ ಅವಳಿ ಆಕೆಯನ್ನು ಬೆನ್ನಟ್ಟಿದಳು.

ಕೌಂಟರಿನ ಗಾಜಿಗೆ ಒಂದು ತೂತು. ಅದಕ್ಕೆ ಬಾಯಿಟ್ಟು ಜನ ಕೇಳುತ್ತಾರೆ, ಅದರಿಂದಲೇ ಉತ್ತರ ಹೋಗುತ್ತದೆ. ಒಂದು ಮಧ್ಯಾಹ್ನ ಜೊತೆಗಾರರನ್ನು ಹಿಂದಿಟ್ಟುಕೊಂಡು ಒಬ್ಬ ಬಂದ. ಅವರಲ್ಲೊಬ್ಬ ಫೋನನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದ.

"ಮೇಡಂ, ಮೂರನೇ ಅಂಕಣ ಎಲ್ಲಿ ಬರುತ್ತೆ?"

"ಬಲಕ್ಕೆ ಹೋಗಿ, ನೀರಿನ ಟ್ಯಾಂಕಿ ದಾಟಿದ ಮೇಲೆ."

"ಅಲ್ಲಿ ಕಾಯ್ತಾ ಇರ್ತೀರಾ ನೀವು?"

ಹಿಂದಿನವರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಸಾಲಿನಲ್ಲಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು. "ನಿಮ್ಮ ತಮಾಷೆ ಆಮೇಲೆ ಇಟ್ಕೊಳ್ರಪ್ಪ. ಇಲ್ಲಿ ನನ್ನ ಬಸ್ಸು ಹೋಗ್ತಾ ಇದೆ," ಎಂದರು. ಅವರ ಸಿಟ್ಟು ಬಸ್ಸಿನ ಬಗ್ಗೆ. ಆಕೆಯ ಕಡೆ ನೋಡಿದಾಗ ಅವರ ಮೀಸೆಯಡಿಯೂ ಒಂದು ನಗು ಕೂತಿತ್ತು. ಅವರ ಫೋನಿಗೂ ಬಂದಿರಬೇಕು.

ಸಂಜೆಯ ಹೊತ್ತಿಗೆ "ಬಲಕ್ಕೆ ಹೋಗಿ, ನೀರಿನ ಟ್ಯಾಂಕಿ ದಾಟಿದ ಮೇಲೆ" ಎನ್ನುವ ಮಾತೂ ಹೊಸ ವಿಡಿಯೋ ಒಂದರಲ್ಲಿ ಸೇರಿಕೊಂಡಿತ್ತು. ಬಾಯಿ ಬಿಟ್ಟರೆ ಅದೂ ಅವರ ಗಂಟಿಗೇ. ಮಾರನೆಯ ದಿನದಿಂದ ಆಕೆ ಕೌಂಟರಿನಲ್ಲಿ ಬಾಯಿ ಮುಚ್ಚಿದಳು. ಕೇಳಿದವರಿಗೆ ಬೆರಳು ತೋರಿಸಿದಳು, ಅಂಕಣದ ಸಂಖ್ಯೆಯನ್ನು ಬೆರಳೆಣಿಸಿ ಹೇಳಿದಳು, ಹೊತ್ತನ್ನು ಗೋಡೆ ಗಡಿಯಾರದ ಕಡೆ ಕೈಮಾಡಿ ಹೇಳಿದಳು.

"ಏನಮ್ಮ, ಬಾಯಲ್ಲಿ ನೀರು ತುಂಬ್ಕೊಂಡಿದ್ದೀಯಾ?" ಎಂದಳು ಚೀಲ ಹೊತ್ತು ನಿಂತಿದ್ದ ಹೆಂಗಸೊಬ್ಬಳು. "ಕೆಲಸ ಪರ್ಮನೆಂಟ್ ಆದ್ರೆ ಸಾಕು, ನಿಮಗೆಲ್ಲ ನಾಲಿಗೆ ರಿಟೈರ್ ಆಗುತ್ತೆ."

ಮೇಲಿನಿಂದ ಅವಳಿ ಆ ಹೆಂಗಸಿಗೆ ಸುಖಕರ ಪ್ರಯಾಣ ಹಾರೈಸಿದಳು.

ಫೋನಂತೂ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಕುಣಿಯುತ್ತಿತ್ತು. ಕೆಲವರು ಬರೀ ಜೋರಾಗಿ ಉಸಿರು ಬಿಡುತ್ತಿದ್ದರು. ಕೆಲವರು ತುಂಬ ಮರ್ಯಾದೆಯಿಂದ, "ಅಂಕಣ ಮೂರಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಒಬ್ಬ ಮಾತ್ರ, "ಅಕ್ಕ, ನಿಮ್ಮ ನಂಬರ್ ಹೀಗೆಲ್ಲ ಓಡಾಡ್ತಾ ಇದೆ, ಹುಷಾರಾಗಿರಿ," ಎಂದ. ಆಕೆ ಅವನಿಗೆ ಥ್ಯಾಂಕ್ಸ್ ಹೇಳಿದಳು. ಅವನೇ ಮರುದಿನ ಫೋನ್ ಮಾಡಿ, "ನಿನ್ನೆ ಅಷ್ಟು ಒಳ್ಳೇದು ಮಾಡಿದೀನಲ್ಲ, ಒಂದ್ಸಲ ಸಿಗಬಾರ್ದಾ?" ಎಂದ.

ಹೊಸ ಸಿಮ್ ಹಾಕಿಸಿದಳು. ಹೊಸ ನಂಬರನ್ನು ಮಗಳ ಶಾಲೆಗೆ, ಬ್ಯಾಂಕಿಗೆ, ಕಚೇರಿಯ ವಾಟ್ಸಾಪ್ ಗುಂಪಿಗೆ ಕೊಟ್ಟಳು. ಗುಂಪಿಗೆ ಕೊಡದೆ ವಿಧಿಯಿರಲಿಲ್ಲ, ಯಾರಿಗೆ ಯಾವ ಪಾಳಿ ಎಂದು ತಿಳಿಯುವುದು ಅದರಲ್ಲೇ. ವಾರ ತುಂಬುವ ಮೊದಲೇ ಆ ನಂಬರೂ ಆಕೆಯ ದನಿಯಲ್ಲಿ ಹೊರಬಂತು. ಎಷ್ಟು ಬದಲಾಯಿಸಿದರೂ ಅಷ್ಟೇ ಎಂದು ಆಗ ಅರ್ಥವಾಯಿತು. ಜಗತ್ತಿನ ಯಾವ ನಂಬರಾದರೂ ಸೊನ್ನೆಯಿಂದ ಒಂಬತ್ತರ ಒಳಗಿನದೇ, ಅವನ್ನೆಲ್ಲ ಆಕೆ ಕಂಬಳಿ ಹೊಡೆದ ಕೋಣೆಯಲ್ಲಿ ಎಂದೋ ಹೇಳಿ ಮುಗಿಸಿದ್ದಳು. ಏರಿಸಿ ಒಂದು ಸಲ, ಇಳಿಸಿ ಒಂದು ಸಲ.

ಮನೆಯಲ್ಲಿ ಮೊದಲು ವಿಡಿಯೋ ನೋಡಿದವರು ಅತ್ತೆ. ಬೆಳಗಿನ ವಾಕಿಂಗ್ ಗೆಳತಿಯರ ಗುಂಪಿನಲ್ಲಿ ಬಂದಿತ್ತು. ಕಳಿಸಿದವಳು ಕೆಳಗೆ ಕೈ ಮುಗಿದ ಚಿತ್ರ ಹಾಕಿ, 'ನಿಮ್ಮ ಸೊಸೆ ಅಲ್ಲ ತಾನೇ' ಎಂದು ಕಾಳಜಿಯಿಂದ ವಿಚಾರಿಸಿದ್ದಳು.

"ಅವಳಿಗೆ ಹೇಳಿದೆ, ನನ್ನ ಸೊಸೆಯೇ, ನಿನಗೇನೀಗ, ನಿನ್ನ ಮಗ ಮೂರನೇ ಅಂಕಣಕ್ಕೆ ಹೋಗಿ ಕಾದು ವಾಪಸ್ ಬಂದ್ನಾ ಅಂತ," ಎಂದರು ಅತ್ತೆ, ಬಟ್ಟೆ ಮಡಿಸುತ್ತ. ಗಮನಕ್ಕನಿಗೆ ಬಹಳ ದಿನಗಳ ಮೇಲೆ ನಗು ಬಂತು. ಅತ್ತೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋಗಿದ್ದು ದನಿ ತಾನೇ, ಮೈಯಲ್ಲವಲ್ಲ. ಕೊಳೆ ಬಿತ್ತು ಅಂತ ಒರೆಸ್ಕೊಂಡು ಹೋಗು."

"ಎಲ್ಲಿ ಒರೆಸ್ಕೊಳ್ಳಲಿ ಅತ್ತೆ?"

ಅತ್ತೆ ಕೈಯಲ್ಲಿದ್ದ ಟವೆಲನ್ನು ನೋಡಿದರು. ಆಮೇಲೆ ಅದನ್ನೂ ಮಡಿಸಿಟ್ಟರು.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೆಟ್ಟವನಲ್ಲ. ಮೊದಲ ದಿನ ರೋಷದಿಂದ ವಿಡಿಯೋದ ಕೆಳಗೆ, 'ನಿಮಗೆ ತಾಯಿ ತಂಗಿ ಇಲ್ಲವಾ' ಎಂದು ಬರೆದ. ಅದಕ್ಕೆ ಬಂದ ಉತ್ತರಗಳನ್ನು ಓದಿ, ಬರೆದದ್ದನ್ನು ಅಳಿಸಿ, ತನ್ನ ಖಾತೆಯನ್ನೇ ಮುಚ್ಚಿದ. ಅಂಗಡಿಗೆ ಬರುವವರು ಹೊಸ ಕನ್ನಡಕ ಹಾಕಿಕೊಂಡು ಅವನನ್ನೊಮ್ಮೆ ದಿಟ್ಟಿಸಿ ನೋಡುತ್ತಿದ್ದರು. ಮನೆಗೆ ಬಂದರೆ ಮಾತು ಕಡಿಮೆ.

"ರೀ, ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಬರ್ತೀರಾ?"

"ಹೋಗಿ ಏನು ಹೇಳ್ತೀಯ? ಕೆರೆದು ಹುಣ್ಣು ಮಾಡ್ಕೊಂಡ ಹಾಗೆ ಆಗುತ್ತೆ. ನಾಲ್ಕು ದಿನ ಸುಮ್ಮನಿದ್ರೆ ಜನ ಮರೀತಾರೆ."

"ಜನ ಮರೆತ್ರೂ ನಂಬರ್ ಮರೆಯಲ್ಲ."

ಒಬ್ಬಳೇ ಹೋದಳು. ಸೈಬರ್ ವಿಭಾಗದ ಮೇಜಿನಲ್ಲಿದ್ದ ಪೇದೆ ಅಪರಾಧವನ್ನು ಅರ್ಥಮಾಡಿಕೊಳ್ಳಲು ವಿಡಿಯೋ ಹಾಕಿಸಿ ಕೇಳಿದ. ಸರಿಯಾಗಿ ಕೇಳಿಸಲಿಲ್ಲವೆಂದು ದನಿ ಏರಿಸಿ ಮತ್ತೊಮ್ಮೆ ಕೇಳಿದ. ಆಮೇಲೆ ಪಕ್ಕದ ಕೋಣೆಯವನನ್ನು ಕರೆದು, "ನೋಡಿಲ್ಲಿ, ಆ ವಿಡಿಯೋ ಇವರದ್ದಂತೆ," ಎಂದ.

"ಇದು ನಿಮ್ಮದೇ ವಾಯ್ಸ್ ಅನ್ನೋದಕ್ಕೆ ಏನು ಪುರಾವೆ?" ಎಂದು ಕೇಳಿದ ಬಂದವನು.

ಆಕೆ, "ನಾನು ಮಾತಾಡ್ತಾ ಇದ್ದೀನಲ್ಲ ಸಾರ್," ಎಂದಳು.

"ಅದು ಸರಿ. ಆದ್ರೆ ಇದನ್ನೆಲ್ಲ ನೀವೇ ಹೇಳಿದ್ದೀರಲ್ಲ? ಅಂದ್ರೆ, ಪದಗಳನ್ನ."

"ಪದಗಳನ್ನ ಹೇಳಿದ್ದೀನಿ. ಇದನ್ನ ಹೇಳಿಲ್ಲ."

ಪೇದೆ ದೂರಿನ ಪುಸ್ತಕ ಎಳೆದುಕೊಂಡ. ಕೊನೆಗೆ ಯಾರೋ ಅಪರಿಚಿತರು ಎಂದು ಬರೆದುಕೊಂಡು, ಮಾಡಿದವರು ಯಾರೆಂದು ಗೊತ್ತಾದರೆ ಬಂದು ತಿಳಿಸಿ ಎಂದರು. ಕಳ್ಳನನ್ನು ಹಿಡಿದು ತಂದರೆ ಬಾಗಿಲು ತೆರೆಯುತ್ತೇವೆ ಎಂದ ಹಾಗಿತ್ತು. ಆದರೂ ದೂರು ದೂರೇ, ದಾಖಲಾಯಿತು.

ಆ ವಾರವೇ ಮಗಳ ಶಾಲೆಯಲ್ಲಿ ಪೋಷಕರ ಸಭೆ. ಹುಡುಗಿ ಏಳನೇ ತರಗತಿ. ಶೂ ಲೇಸು ಕಟ್ಟಿಕೊಳ್ಳುತ್ತ, ತಲೆ ಎತ್ತದೆ ಹೇಳಿತು.

"ಅಪ್ಪ ಬರಲಿ ಅಮ್ಮ."

"ಅಪ್ಪನಿಗೆ ಅಂಗಡಿ ಇದೆ. ನಾನೇ ಬರೋದು."

"ಹಾಗಾದ್ರೆ ಬಾ. ಆದ್ರೆ ಅಲ್ಲಿ ಮಾತಾಡಬೇಡ."

ಹೋದಳು. ಮಾತಾಡಲಿಲ್ಲ. ಲೆಕ್ಕದಲ್ಲಿ ನಿಮ್ಮ ಮಗಳು ಸ್ವಲ್ಪ ಹಿಂದೆ ಎಂದು ಟೀಚರ್ ಹೇಳಿದಾಗ ತಲೆಯಾಡಿಸಿದಳು. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ಕೇಳಿದಾಗ ತನ್ನತ್ತ ಬೆರಳು ತೋರಿಸಿಕೊಂಡಳು. ಟೀಚರ್ ಗಾಬರಿಯಿಂದ ನೋಡಿದರು. "ಅಮ್ಮನಿಗೆ ಗಂಟಲು ಸರಿಯಿಲ್ಲ ಮಿಸ್," ಎಂದಿತು ಹುಡುಗಿ. ಹಿಂದಿನ ಬೆಂಚಿನಿಂದ ಯಾವುದೋ ಮಗು ಮೂಗಿನಲ್ಲಿ, "ನಿಮ್ಮ ಪ್ರಯಾಣ ಸುಖಕರವಾಗಿರಲಿ," ಎಂದಿತು. ಅಪ್ಪ ಅಮ್ಮಂದಿರೇ ನಕ್ಕರು. ದಾರಿಯುದ್ದಕ್ಕೂ ಹುಡುಗಿ ನಾಲ್ಕು ಹೆಜ್ಜೆ ಮುಂದೆ ನಡೆಯಿತು.

ಮರುದಿನ ಆಕೆ ಮ್ಯಾನೇಜರ ಬಳಿ ಹೋಗಿ, ಸ್ಪೀಕರಿನಿಂದ ತನ್ನ ದನಿ ತೆಗೆದುಬಿಡಿ ಎಂದು ಬೇಡಿಕೊಂಡಳು. "ಬೇರೆ ಯಾರದಾದ್ರೂ ಹಾಕಿ ಸಾರ್. ನನಗೆ ನನ್ನದೇ ಕೇಳೋಕೆ ಆಗ್ತಾ ಇಲ್ಲ."

"ಅದು ಈಗ ನಿಮ್ಮದಲ್ಲಮ್ಮ," ಎಂದರು ಮ್ಯಾನೇಜರ್, ಪಾಠ ಹೇಳುವ ತಾಳ್ಮೆಯಲ್ಲಿ. "ರೆಕಾರ್ಡ್ ಮಾಡಿದ ಮೇಲೆ ಸಂಸ್ಥೆಯ ಆಸ್ತಿ. ಬೆಂಚು, ಫ್ಯಾನು ಇದ್ದ ಹಾಗೆ. ನನಗೆ ಬೇಜಾರಾಯ್ತು ಅಂತ ಬೆಂಚು ಕಿತ್ತು ಹಾಕೋಕಾಗುತ್ತಾ?"

ಬೆಂಚಿನ ಮೇಲೆ ಯಾರು ಏನು ಗೀಚಿದರೂ ಬೆಂಚು ದೂರು ಕೊಡುವಂತಿಲ್ಲ. ಆಕೆ ಮೆಟ್ಟಿಲಿಳಿದು ಬರುವಾಗ ತಿರುವಿನಲ್ಲಿ ಕತ್ತರಿ ನಿಂತಿದ್ದ. ಕತ್ತರಿ ಎಂದರೆ ಧ್ವನಿ ವಿಭಾಗದ ಟೆಕ್ನಿಷಿಯನ್. ಅಂದು ಆಕೆಯ ಪದಗಳನ್ನೆಲ್ಲ ಕತ್ತರಿಸಿ ಯಂತ್ರಕ್ಕೆ ತುಂಬಿದವನು ಅವನೇ, ಹಾಗಾಗಿ ಆ ಹೆಸರು.

"ಅಕ್ಕ, ಒಂದು ವಿಷಯ. ಯಾರಿಗೂ ಹೇಳಬೇಡಿ."

"ಹೇಳೋಕೆ ನನಗೆ ಬಾಯೆಲ್ಲಿದೆಯಪ್ಪ?"

ಅವನು ಮೇಲೆ ಕೆಳಗೆ ನೋಡಿ ಹೇಳಿದ. ನಿಲ್ದಾಣದಲ್ಲಿ ಒಂದು ರೂಢಿಯಿತ್ತು. ಯಾರಾದರೂ ನಿವೃತ್ತರಾದರೆ, ಯಾರದಾದರೂ ಹುಟ್ಟುಹಬ್ಬ ಬಂದರೆ, ಗಮನಕ್ಕನ ದನಿಯ ತುಂಡುಗಳಿಂದ ಕತ್ತರಿ ಒಂದು ತಮಾಷೆಯ ಪ್ರಕಟಣೆ ಹೊಲಿದು ಗುಂಪಿಗೆ ಬಿಡುತ್ತಿದ್ದ. ಮೆಕ್ಯಾನಿಕ್ ನಿವೃತ್ತನಾದಾಗ, ಹಳೆಯ ಗಾಡಿಯೊಂದು ಇಂದು ಕೊನೆಯ ಅಂಕಣದಿಂದ ಹೊರಡಲಿದೆ, ದಯವಿಟ್ಟು ದಾರಿ ಬಿಡಿ ಎಂದು ಬಂದಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಆಕೆಯೂ ನಕ್ಕಿದ್ದಳು, ಅತ್ತೆಗೆ ಕಳಿಸಿದ್ದಳು. ಅದು ಮನೆಯವರ ಆಟವಾಗಿತ್ತು. ಈಚೆಗೆ ಮ್ಯಾನೇಜರು ತಮ್ಮ ಮಗನಿಗೂ ಆ ತುಂಡುಗಳು ಬೇಕು ಎಂದರಂತೆ. ಕಾಲೇಜು ಹುಡುಗ, ಗೆಳೆಯರ ಮದುವೆಗೆ ಹೀಗೇ ಏನೋ ಮಾಡುತ್ತಾನೆ ಎಂದರಂತೆ. ಕತ್ತರಿ ಒಂದು ಪೆನ್ ಡ್ರೈವಿಗೆ ಎಲ್ಲವನ್ನೂ ತುಂಬಿ ಕೊಟ್ಟಿದ್ದ.

"ಅವನಿಗೆ ನಗೆ ವಿಡಿಯೋ ಹಾಕೋ ಪೇಜು ಇದೆ ಅಕ್ಕ. ಮೊದಲು ಬಂದಿದ್ದು ಅದರಲ್ಲೇ. ಈಗ ಅಳಿಸಿದಾನೆ."

"ನನ್ನ ಹೊಸ ನಂಬರು?"

"ಅಪ್ಪನ ಫೋನು ಮಗನ ಕೈಯಲ್ಲೇ ಇರುತ್ತಲ್ಲ."

ಗಮನಕ್ಕ ಮೆಟ್ಟಿಲಿನ ಕಂಬಿ ಹಿಡಿದು ನಿಂತಳು.

"ಸ್ಟೇಷನ್ನಿಗೆ ಬಂದು ಇದನ್ನ ಹೇಳ್ತೀಯಾ?"

"ನನ್ನ ಕೆಲಸ ಹೋಗುತ್ತೆ ಅಕ್ಕ. ಪೆನ್ ಡ್ರೈವ್ ಕೊಟ್ಟಿದ್ದು ನಾನು. ಮೊದಲು ನನ್ನನ್ನೇ ಒಳಗೆ ಹಾಕ್ತಾರೆ." ಅವನ ಕಣ್ಣು ತುಂಬಿಕೊಂಡಿತ್ತು. "ನಿಮಗೆ ಗೊತ್ತಿರಲಿ ಅಂತ ಹೇಳಿದೆ ಅಷ್ಟೇ."

ಗೊತ್ತಿಲ್ಲದಾಗ ಆಕೆಯ ಸುತ್ತ ಇದ್ದದ್ದು ಬರೀ ಗೋಡೆ. ಈಗ ಆ ಗೋಡೆಗೆ ಮುಖಗಳು ಬಂದವು. ದಿನವೂ ಬೆಳಿಗ್ಗೆ ನಮಸ್ಕಾರ ಹೇಳಬೇಕಾದ ಮುಖಗಳು.

ಕತ್ತರಿ ಹೇಳಿದ್ದರ ವಾಸನೆ ಮ್ಯಾನೇಜರಿಗೆ ಹೇಗೋ ಬಡಿಯಿತು. ಎರಡು ದಿನ ಬಿಟ್ಟು ಆಕೆಗೆ ಕರೆ ಬಂತು. ಮೇಲೆ ಹೋದರೆ ಮ್ಯಾನೇಜರ ಎದುರಿನ ಕುರ್ಚಿಯಲ್ಲಿ ಆಕೆಯ ಗಂಡ ಕೂತಿದ್ದ. ಕೈಯಲ್ಲಿ ಚಹಾ ಲೋಟ, ಅರ್ಧ ಕುಡಿದದ್ದು. ಬಂದು ಬಹಳ ಹೊತ್ತಾಗಿರಬೇಕು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಮನೆಯವರನ್ನೂ ಕರೆಸಿದೆ. ಇದು ಒಬ್ಬರೇ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ ನೋಡಿ."

ಆಕೆ ಗಂಡನನ್ನು ನೋಡಿದಳು. ಅವನು ಲೋಟವನ್ನು ನೋಡಿದ.

ಮ್ಯಾನೇಜರು ಮಾತನ್ನು ಜೇನಿನಲ್ಲಿ ಅದ್ದಿ ತೆಗೆದರು. ಮುಖ್ಯ ಕಚೇರಿಯವರಿಗೆ ತಲೆನೋವಾಗಿದೆ. ನಿಲ್ದಾಣದ ಹೆಸರು ಕೆಡುತ್ತಿದೆ. ಪ್ರಯಾಣಿಕರು ಪ್ರಕಟಣೆ ಕೇಳಿ ನಗುತ್ತಾರೆ, ನಗುವ ಭರದಲ್ಲಿ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಇದಕ್ಕೊಂದು ಮುಕ್ತಾಯ ಹಾಡಬೇಕು. ಆಕೆಯ ದನಿಯಲ್ಲೇ ಒಂದು ಪ್ರಕಟಣೆ, ಒಂದು ವಾರ ಸ್ಪೀಕರಿನಲ್ಲಿ. ಅದನ್ನೇ ನಿಲ್ದಾಣದ ಅಧಿಕೃತ ಪುಟಕ್ಕೂ ಹಾಕುವುದು. ಪೊಲೀಸ್ ದೂರು ವಾಪಸ್. ಅಲ್ಲಿಗೆ ಎಲ್ಲ ತಣ್ಣಗೆ. ಅವರು ಒಂದು ಹಾಳೆ ಮುಂದಿಟ್ಟರು.

'ಪ್ರಯಾಣಿಕರ ಗಮನಕ್ಕೆ. ಇತ್ತೀಚೆಗೆ ಹರಡಿದ ನನ್ನ ಧ್ವನಿಯಿಂದ ತಮಗೆ ಆಗಿರುವ ಅನಾನುಕೂಲಕ್ಕಾಗಿ ಕ್ಷಮೆ ಕೋರುತ್ತೇನೆ. ಈ ವಿಷಯದಲ್ಲಿ ಯಾರ ಮೇಲೂ ನನ್ನ ದೂರಿಲ್ಲ.'

"ನಾನು ಕ್ಷಮೆ ಕೇಳಬೇಕಾ ಸಾರ್?"

"ಕ್ಷಮೆ ಅಂದ್ರೆ ಏನು? ಬಸ್ಸು ತಡವಾದ್ರೆ ದಿನಕ್ಕೆ ನೂರು ಸಲ ಕೇಳ್ತೀರಲ್ಲ. ಆ ಬಸ್ಸನ್ನ ನೀವು ತಡ ಮಾಡಿರ್ತೀರಾ? ಅದೊಂದು ಪದ್ಧತಿ ಅಷ್ಟೇ."

"ಮಾಡಿದವರು ಯಾರು ಅಂತ ನನಗೆ ಗೊತ್ತು ಸಾರ್."

ಮ್ಯಾನೇಜರ ಮುಖ ಅಲುಗಲಿಲ್ಲ. "ಗೊತ್ತಿದ್ರೆ ಒಳ್ಳೇದು. ಆದ್ರೆ ಪೆನ್ ಡ್ರೈವ್ ಯಾರ ಕೈಯಿಂದ ಹೋಯ್ತು, ಅವನ ಮನೇಲಿ ಎಷ್ಟು ಜನ ಇದ್ದಾರೆ, ಅದನ್ನೂ ಯೋಚಿಸಿ. ಹುಡುಗರು ಹುಡುಗಾಟಿಕೆ ಮಾಡ್ತಾರೆ. ದೊಡ್ಡವರು ನಾವು ನುಂಗ್ಕೋಬೇಕು." ಆಮೇಲೆ ಗಂಡನ ಕಡೆ ತಿರುಗಿದರು. "ಇಲ್ಲದಿದ್ರೆ ನಾನೇನು ಮಾಡಲಿ ಹೇಳಿ. ಇವರನ್ನ ಊರಾಚೆ ಡಿಪೋದ ಟೈರ್ ಗೋಡೌನಿಗೆ ಹಾಕು ಅಂತ ಮೇಲಿಂದ ಹೇಳ್ತಾ ಇದ್ದಾರೆ. ಅಲ್ಲಿ ಹೆಂಗಸರು ಯಾರೂ ಇಲ್ಲ."

"ಹೇಳಿಬಿಡು," ಎಂದ ಗಂಡ. ಸಿಟ್ಟಿನಿಂದಲ್ಲ. ದಣಿದ ದನಿಯಲ್ಲಿ. "ಎರಡು ಸಾಲು ತಾನೇ. ಮಗು ಶಾಲೆಗೆ ಹೋಗಲ್ಲ ಅಂತ ಬೆಳಿಗ್ಗೆ ಹಟ ಹಿಡಿದಿದೆ, ನೀನು ಹೊರಟ ಮೇಲೆ. ನಿನಗೆ ಗೊತ್ತಿಲ್ಲ."

ಅದು ಆಕೆಗೆ ಗೊತ್ತಿರಲಿಲ್ಲ. ಆಕೆ ಎದ್ದಳು. ಅವರು ಕರೆದುಕೊಂಡು ಹೋದ ಕಡೆ ನಡೆದಳು.

ಕಂಬಳಿ ಕೋಣೆ ಹಾಗೇ ಇತ್ತು. ಕಂಬಳಿಗಳಿಂದ ಹಳೆಯ ಧೂಳಿನ ವಾಸನೆ. ಗಾಳಿಯಾಡದ ಆ ಕೋಣೆಯಲ್ಲಿ ಈಗ ನಾಲ್ಕು ಜನ. ಕತ್ತರಿ ಕಂಪ್ಯೂಟರಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದ. ಆಕೆಯನ್ನು ಮೈಕಿನ ಮುಂದೆ ಕೂರಿಸಿ, ಹಾಳೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಕೆಂಪು ದೀಪ ಹತ್ತಿತು.

ಆಕೆ ಬಾಯಿ ತೆರೆದಳು. ಏನೂ ಬರಲಿಲ್ಲ.

ಮತ್ತೆ ತೆರೆದಳು. ಗಂಟಲಿನಲ್ಲಿ ಗಾಳಿ ಮಾತ್ರ ಓಡಾಡಿತು. ಕೌಂಟರಿನಲ್ಲಿ ಬೆರಳಲ್ಲಿ, ಶಾಲೆಯಲ್ಲಿ ತಲೆಯಲ್ಲಿ ಮಾತಾಡಿ ಮಾತಾಡಿ, ದನಿ ಎಲ್ಲೋ ಒಳಗೆ ಬಾಗಿಲು ಹಾಕಿಕೊಂಡಿತ್ತು. ಗಂಡ ನೀರು ತಂದುಕೊಟ್ಟ. ಕುಡಿದಳು. ಕೆಂಪು ದೀಪ ಮತ್ತೆ ಹತ್ತಿತು. ಬೇಕೆಂದು ಮಾಡಿದ್ದಲ್ಲ, ನಿಜಕ್ಕೂ ಬರಲಿಲ್ಲ.

"ಹೋಗಲಿ ಬಿಡಿ, ಆಯಾಸ ಮಾಡ್ಕೋಬೇಡಿ," ಎಂದರು ಮ್ಯಾನೇಜರ್. ಆ ಮೃದುತನಕ್ಕೆ ಆಕೆಗೆ ಭಯವಾಯಿತು. "ಇವರು ಹೇಳೋ ಅಗತ್ಯ ಏನಿದೆ? ಎಲ್ಲ ಪದ ನಮ್ಮ ಹತ್ರ ಇದೆಯಲ್ಲ. ಏನಪ್ಪ, ಇದೆ ತಾನೇ?"

"ಹೆಚ್ಚುಕಮ್ಮಿ ಇದೆ ಸಾರ್, 'ನನ್ನ ಧ್ವನಿ' ಮೈಕ್ ಟೆಸ್ಟಿನಲ್ಲಿದೆ," ಎಂದ ಕತ್ತರಿ, ಪರದೆಗೆ. "'ದೂರಿಲ್ಲ' ಇಲ್ಲ. 'ಕಳೆದುಹೋದ ವಸ್ತುಗಳ ಬಗ್ಗೆ ದೂರು' ಅಂತ ಒಂದಿದೆ, 'ಸೌಲಭ್ಯ ಇಲ್ಲ' ಅಂತ ಒಂದಿದೆ. ಎರಡನ್ನೂ ಸೇರಿಸಬಹುದು."

"ಸೇರಿಸು."

ಅವನು ಸೇರಿಸತೊಡಗಿದ. ಆಕೆ ಕೂತು ನೋಡಿದಳು. ಪರದೆಯ ಮೇಲೆ ತನ್ನ ದನಿ ಹಸಿರು ಗೆರೆಗಳ ಪೊದೆಗಳಾಗಿ ಬಿದ್ದಿತ್ತು. ಅವನು ಒಂದೊಂದನ್ನೇ ಎತ್ತಿ, ಬೇಡದ ಬಾಲ ಕತ್ತರಿಸಿ, ಪಕ್ಕದ್ದಕ್ಕೆ ಒತ್ತಿಡುತ್ತಿದ್ದ. ನಡುನಡುವೆ ತುಂಡುಗಳು ಕೇಳಿಸುತ್ತಿದ್ದವು. ಕ್ಷಮೆ. ಕ್ಷಮೆ. ತಮಗೆ. ಕ್ಷಮೆ. ಮ್ಯಾನೇಜರ ಮಗನೂ ಹೀಗೇ ಕೂತು, ಹೀಗೇ ಒತ್ತಿಟ್ಟಿರಬೇಕು. ಅಲ್ಲಿಗೂ ಇಲ್ಲಿಗೂ ಇದ್ದ ವ್ಯತ್ಯಾಸ, ಅವನು ಆಕೆಯನ್ನು ಎದುರಿಗೆ ಕೂರಿಸಿಕೊಂಡು ಮಾಡಿರಲಿಲ್ಲ.

"ಆಯ್ತು ಸಾರ್."

"ಇವರಿಗೆ ಕೇಳಿಸು. ಅದೊಂದು ಶಾಸ್ತ್ರ ಮುಗಿಸಿಬಿಡೋಣ."

ಶಾಸ್ತ್ರವೆಂದರೆ ಹೊಸ ಆದೇಶ. ದೂರು ದಾಖಲಾದ ಮೇಲೆ ಮುಖ್ಯ ಕಚೇರಿಯ ವಕೀಲರು ಹೆದರಿ ಕಳಿಸಿದ್ದು. ಹೊಸದಾಗಿ ಮಾಡಿದ ಯಾವ ಪ್ರಕಟಣೆಯನ್ನೂ ದನಿಯ ಒಡತಿ ಪೂರ್ತಿ ಕೇಳಿ, ಒಪ್ಪಿ, ಹೆಬ್ಬೆರಳು ಒತ್ತದೆ ಸ್ಪೀಕರಿಗೆ ಬಿಡುವಂತಿಲ್ಲ. ನಾಳೆ ಆಕೆ ಸಂಸ್ಥೆಯ ಮೇಲೇ ಕೇಸು ಹಾಕಿದರೆ ತೋರಿಸಲು ಬೇಕಲ್ಲ. ಹಾಜರಿ ಹಾಕುವ ಯಂತ್ರದಂಥದ್ದೇ ಒಂದು ಚಿಕ್ಕ ಪೆಟ್ಟಿಗೆಯನ್ನು ಅದಕ್ಕಾಗಿ ಮೇಜಿನ ಮೇಲೆ ಇಟ್ಟಿದ್ದರು. ಆ ನಿಯಮ ಆಕೆಯನ್ನು ಕಾಯಲು ಹುಟ್ಟಿದ್ದಲ್ಲ.

ಕತ್ತರಿ ಹೆಡ್‌ಫೋನ್ ತಂದು ಆಕೆಯ ತಲೆಗಿಟ್ಟ.

ಕಿವಿಯೊಳಗೆ ಆ ಇನ್ನೊಬ್ಬಳು ಮಾತಾಡಿದಳು. ಆಗಿನ ವಯಸ್ಸಿನ ದನಿ, ನೀರಿನಲ್ಲಿ ತೊಳೆದ ಹಾಗಿತ್ತು. ಆ ದಿನಗಳ ಉತ್ಸಾಹ ಅದರಲ್ಲಿತ್ತು. ಮದುವೆಯಾದ ಹೊಸತು, ಮಗಳು ಇನ್ನೂ ಹುಟ್ಟಿರಲಿಲ್ಲ. ಅಷ್ಟು ಖುಷಿಯಿಂದ, ಅಷ್ಟು ವಿನಯದಿಂದ ಅವಳು ಕ್ಷಮೆ ಕೋರಿದಳು. ಯಾರ ಮೇಲೂ ದೂರಿಲ್ಲ ಎಂದಳು. ಹೊಲಿಗೆ ಎಲ್ಲಿಯೂ ಕಾಣುತ್ತಿರಲಿಲ್ಲ. ಗಮನಕ್ಕನಿಗೆ ವಿಡಿಯೋ ಕೇಳಿದಾಗಲೂ ಇಷ್ಟು ಹೇಸಿಗೆಯಾಗಿರಲಿಲ್ಲ. ಅಲ್ಲಿ ಅವಳನ್ನು ಬೀದಿಗೆ ನಿಲ್ಲಿಸಿದ್ದರು. ಇಲ್ಲಿ ನಿಲ್ಲಿಸಿದವರ ಕಾಲಿಗೆ ಬೀಳಿಸಿದ್ದರು.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಚೆನ್ನಾಗಿದೆಯಲ್ಲ?" ಎಂದರು ಮ್ಯಾನೇಜರ್. ಪೆಟ್ಟಿಗೆಯನ್ನು ಆಕೆಯ ಕಡೆ ಸರಿಸಿದರು. "ಇಲ್ಲಿ ಒತ್ತಿ ಅಮ್ಮ. ಒಂದು ಬೆರಳಿನ ಕೆಲಸ. ಮಾತಾಡೋದೂ ಬೇಡ."

ಪೆಟ್ಟಿಗೆಯ ಗಾಜಿನೊಳಗೆ ಹಸಿರು ಬೆಳಕು ಕಾಯುತ್ತಿತ್ತು. ಆಕೆ ಅದನ್ನು ನೋಡುತ್ತ ಕೂತಳು. ಕಂಬಳಿಗಳು ಹೊರಗಿನ ಸದ್ದನ್ನೆಲ್ಲ ನುಂಗಿದ್ದವು. ಗಂಡನ ಉಸಿರು, ಕಂಪ್ಯೂಟರಿನ ಫ್ಯಾನು, ಅಷ್ಟೇ.

"ಒತ್ತಿಬಿಡು," ಎಂದ ಗಂಡ. "ಮನೆಗೆ ಹೋಗೋಣ."

ಮಗು ಮನೆಯಲ್ಲಿತ್ತು, ಶಾಲೆಯ ಚೀಲ ಬಿಚ್ಚದೆ. ನಾಳೆ ಅದು ಶಾಲೆಗೆ ಹೋದರೆ ಅಲ್ಲಿ ಹೊಸ ಪ್ರಕಟಣೆ ಕಾದಿರುತ್ತದೆ. ನಿಮ್ಮಮ್ಮ ಕ್ಷಮೆ ಕೇಳಿದಳಂತೆ, ಹಾಗಾದರೆ ನಿಜವೇ ಇರಬೇಕು ಎನ್ನುತ್ತಾರೆ.

ಆಕೆ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿ, ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು.

"ಇದೇನಮ್ಮ ಚಿಕ್ಕ ಮಕ್ಕಳ ಹಾಗೆ," ಎಂದರು ಮ್ಯಾನೇಜರ್. ಜೇನು ಮುಗಿದಿತ್ತು. "ನೀವೇ ಹೇಳ್ರೀ ಇವರಿಗೆ. ಸ್ವಲ್ಪ ಕೈ ಹಿಡಿದು ಒತ್ತಿಸಿ, ನನಗೆ ಬೇರೆ ಕೆಲಸ ಇದೆ."

ಗಂಡ ಹತ್ತಿರ ಬಂದ. ಬಗ್ಗಿ ಆಕೆಯ ಮಣಿಕಟ್ಟಿನ ಮೇಲೆ ಕೈಯಿಟ್ಟ. ಬಲವಾಗೇನೂ ಅಲ್ಲ, ರಸ್ತೆ ದಾಟಿಸುವವನ ಹಾಗೆ.

"ಕೈ ತೆಗೀರಿ," ಎಂದಳು ಆಕೆ.

ದನಿ ಒಡೆದಿತ್ತು. ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. ಕತ್ತರಿ ತಟ್ಟನೆ ತಿರುಗಿ ನೋಡಿದ. ಗಂಡ ಕೈ ತೆಗೆದ.

"ಒತ್ತಿ," ಎಂದರು ಮ್ಯಾನೇಜರ್.

"ಒತ್ತಲ್ಲ."

"ಟೈರ್ ಗೋಡೌನು, ನೆನಪಿರಲಿ."

"ಹಾಕಿ. ಇದಕ್ಕೆ ಮಾತ್ರ ಒತ್ತಲ್ಲ ಸಾರ್."